ಚೀನೀ ಭಾಷೆ ಕಲಿಯಲು ಚೀನಾಕ್ಕೆ: ವಿದ್ಯಾರ್ಥಿ ವೀಸಾದ ಕಾಗದಪತ್ರಗಳು, ಒಂದೊಂದಾಗಿ

ಚೀನಾದ ವಿಶ್ವವಿದ್ಯಾಲಯಗಳಲ್ಲಿ ಒಂದು ಸೆಮಿಸ್ಟರೋ ಒಂದು ವರ್ಷವೋ ಚೀನೀ ಭಾಷೆ ಕಲಿಸುವ ಕೋರ್ಸಿಗೆ ಸೀಟು ಸಿಗುವುದು ಅಷ್ಟು ಕಷ್ಟವಲ್ಲ. ಪಿಯುಸಿ ಮುಗಿದಿದ್ದು 18 ತುಂಬಿದ್ದರೆ ಹೆಚ್ಚಿನ ಕಡೆ ಅರ್ಜಿ ಹಾಕಬಹುದು. ಸ್ವಂತ ಖರ್ಚಿನಲ್ಲಿ ಹೋಗುವವರಿಗೆ ಮೊದಲೇ ಚೀನೀ ಬರಬೇಕೆಂಬ ನಿಯಮವೂ ಸಾಮಾನ್ಯವಾಗಿ ಇರುವುದಿಲ್ಲ. ತೊಡಕು ಶುರುವಾಗುವುದು ಕಾಗದಪತ್ರಗಳಲ್ಲಿ. ಇಲ್ಲಿ ಒಂದು ಕಾಗದ ಇನ್ನೊಂದರ ಆಧಾರದ ಮೇಲೆ ಹುಟ್ಟುತ್ತದೆ. ಪಾಸ್‌ಪೋರ್ಟಿನಿಂದ ಪ್ರವೇಶಪತ್ರ, ಪ್ರವೇಶಪತ್ರದಿಂದ ವೀಸಾ, ವೀಸಾದಿಂದ ಅಲ್ಲಿನ ವಾಸದ ಪರವಾನಗಿ. ಮೊದಲನೆಯದರಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಅದು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಇನ್ನೊಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ಪಾಸ್‌ಪೋರ್ಟಿಗೆ ವೀಸಾ ಅಂಟಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಚೀನಾದಲ್ಲಿ ಇಳಿದ ಮೇಲಿನ ಮೊದಲ 30 ದಿನಗಳಲ್ಲಿ ಅರ್ಧದಷ್ಟು ಕೆಲಸ ಇನ್ನೂ ಬಾಕಿ ಇರುತ್ತದೆ.

ಎಕ್ಸ್1 ಬೇಕೋ, ಎಕ್ಸ್2 ಸಾಕೋ

180 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಓದಿಗೆ ಎಕ್ಸ್2 ವೀಸಾ, ಅದಕ್ಕಿಂತ ಹೆಚ್ಚಿನದಕ್ಕೆ ಎಕ್ಸ್1. ಎಕ್ಸ್2ನಲ್ಲಿ ಎಷ್ಟು ದಿನ ಇರಬಹುದೆಂದು ವೀಸಾದ ಮೇಲೇ ಅಚ್ಚಾಗಿರುತ್ತದೆ. ಅಷ್ಟು ದಿನ ಓದಿ ಹಿಂತಿರುಗಬಹುದು, ವಾಸದ ಪರವಾನಗಿಯ ಗೊಡವೆ ಇಲ್ಲ. ಎಕ್ಸ್1ನಲ್ಲಿ ತಂಗುವ ದಿನಗಳ ಜಾಗದಲ್ಲಿ 000 ಎಂದು ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಅಚ್ಚಿನ ತಪ್ಪೆಂದೂ ತಿಳಿಯಬೇಡಿ. ಈ ವೀಸಾ ದೇಶದೊಳಗೆ ಕಾಲಿಡಲು ಮಾತ್ರ, ಇರುವ ಅವಧಿಯನ್ನು ಅಲ್ಲಿನ ಪೊಲೀಸ್ ಇಲಾಖೆ ಬೇರೆಯಾಗಿ ನಿರ್ಧರಿಸುತ್ತದೆ ಎಂಬುದಕ್ಕೆ ಆ ಮೂರು ಸೊನ್ನೆಗಳೇ ಸೂಚನೆ.

ಒಂದು ಸೆಮಿಸ್ಟರ್ ಮಾತ್ರ ಎಂದು ಎಕ್ಸ್2 ತೆಗೆದುಕೊಂಡು, ಅಲ್ಲಿ ಹೋದ ಮೇಲೆ ಇನ್ನೊಂದು ಸೆಮಿಸ್ಟರ್ ಓದುವ ಮನಸ್ಸಾಗುವುದು ತೀರಾ ಸಾಮಾನ್ಯ. ಕಾನೂನಿನಲ್ಲಿ ವಿಸ್ತರಣೆಗೆ ಅವಕಾಶವಿದೆ: ಅವಧಿ ಮುಗಿಯಲು ಏಳು ದಿನ ಇರುವಾಗಲೇ ಅರ್ಜಿ ಕೊಡಬೇಕು, ವಿಸ್ತರಿಸುವ ದಿನಗಳ ಮೊತ್ತ ಮೂಲ ಅವಧಿಯನ್ನು ಮೀರುವಂತಿಲ್ಲ. ಆದರೆ ಕೊಡಲೇಬೇಕೆಂಬ ಕಟ್ಟುಪಾಡು ಅಲ್ಲಿನ ಪೊಲೀಸ್ ಇಲಾಖೆಗಿಲ್ಲ. ಎರಡನೇ ಸೆಮಿಸ್ಟರಿನ ಆಲೋಚನೆ ಸ್ವಲ್ಪವಾದರೂ ಇದ್ದರೆ ಮೊದಲೇ ಒಂದು ವರ್ಷದ ಕೋರ್ಸಿಗೆ ಸೇರಿ ಎಕ್ಸ್1 ಪಡೆಯುವುದು ಜಾಣತನ.

ತೈವಾನಿನಲ್ಲಿ ಕಲಿಯುವವರ ದಾರಿಯೇ ಬೇರೆ. ಕರ್ನಾಟಕದವರು ಚೆನ್ನೈನ ತೈಪೆ ಎಕನಾಮಿಕ್ ಅಂಡ್ ಕಲ್ಚರಲ್ ಸೆಂಟರಿನಲ್ಲಿ (ತೈವಾನಿನ ವೀಸಾ ಕೊಡುವ ಕಚೇರಿ) ಅರ್ಜಿ ಕೊಡಬೇಕು. ಭಾಷಾ ಕೇಂದ್ರಕ್ಕೆ ಅಲ್ಲಿನ ಶಿಕ್ಷಣ ಸಚಿವಾಲಯದ ಮಾನ್ಯತೆ ಇರಬೇಕು, ವಾರಕ್ಕೆ ಕನಿಷ್ಠ 15 ಗಂಟೆ ತರಗತಿ ಇರಬೇಕು. ಮೊದಲು ಸಂದರ್ಶಕ ವೀಸಾದಲ್ಲಿ ಹೋಗಿ, ನಾಲ್ಕು ತಿಂಗಳು ಓದಿ, ಮುಂದಿನ ಮೂರು ತಿಂಗಳಿಗೂ ಹೆಸರು ನೋಂದಾಯಿಸಿದವರು ಅಲ್ಲೇ ನಿವಾಸಿ ವೀಸಾಕ್ಕೆ ಅರ್ಜಿ ಹಾಕಬಹುದು. ಇಲ್ಲಿಂದ ಮುಂದೆ ಹೇಳುವುದೆಲ್ಲ ಚೀನಾದ ಮುಖ್ಯಭೂಮಿಗೆ ಹೋಗುವವರಿಗೆ.

ಪಾಸ್‌ಪೋರ್ಟಿನಲ್ಲಿರುವ ಹೆಸರೇ ಹೆಸರು

ಕನ್ನಡಿಗರಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಇದೇ. ನಮ್ಮಲ್ಲಿ ಹೆಸರಿನ ಮುಂದೋ ಹಿಂದೋ ಊರಿನ, ತಂದೆಯ ಮೊದಲಕ್ಷರ ಸೇರಿಸುವ ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ರಮ್ಯಾ ಎಚ್.ಎಸ್.’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ರಮ್ಯಾ ಹೊಸಹಳ್ಳಿ ಶಿವಣ್ಣ’ ಎಂದು ಬರೆದು, ಉಪನಾಮದ ಜಾಗ ಖಾಲಿ ಬಿಟ್ಟಿರುತ್ತಾರೆ. ಚೀನೀ ವಿಶ್ವವಿದ್ಯಾಲಯದ ಆನ್‌ಲೈನ್ ಅರ್ಜಿಯಲ್ಲಿ ಉಪನಾಮ ತುಂಬದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ಆಗ ಒಬ್ಬರು ಚುಕ್ಕಿ ಹಾಕುತ್ತಾರೆ, ಇನ್ನೊಬ್ಬರು ತಂದೆಯ ಹೆಸರು ಹಾಕುತ್ತಾರೆ, ಮತ್ತೊಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಪ್ರವೇಶಪತ್ರದಲ್ಲಿ ಹಾಗೆಯೇ ಅಚ್ಚಾಗಿ ಬಂದಾಗ ವೀಸಾ ಕೇಂದ್ರದ ಕೌಂಟರಿನಲ್ಲಿ ಅರ್ಜಿ ನಿಲ್ಲುತ್ತದೆ.

ಅಲ್ಲಿನ ಕಚೇರಿಗಳು ನೋಡುವುದು ಪಾಸ್‌ಪೋರ್ಟಿನ ಫೋಟೋ ಪುಟದ ಕೆಳತುದಿಯಲ್ಲಿ, ಬಾಣದಂಥ ಚಿಹ್ನೆಗಳ ನಡುವೆ ಇರುವ ಎರಡು ಸಾಲುಗಳನ್ನು. ಯಂತ್ರ ಓದುವ ಈ ಸಾಲಿನಲ್ಲಿ ಹೆಸರಿನ ಭಾಗಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮ, ಅದೇ ಕಾಗುಣಿತ ಎಲ್ಲ ಅರ್ಜಿಗಳಲ್ಲೂ ಇರಲಿ. ಉಪನಾಮ ಖಾಲಿ ಇದ್ದರೆ ಅರ್ಜಿ ತುಂಬುವ ಮೊದಲೇ ಪಾಸ್‌ಪೋರ್ಟಿನ ಸ್ಕ್ಯಾನ್ ಸಮೇತ ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ, ಹೇಗೆ ತುಂಬಬೇಕೆಂದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಆರು ತಿಂಗಳ ಸಮಯ ಕೈಯಲ್ಲಿದ್ದರೆ ಪಾಸ್‌ಪೋರ್ಟನ್ನೇ ಮರುವಿತರಣೆಗೆ ಕೊಟ್ಟು ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಚೀನಾದಲ್ಲಿ ಬ್ಯಾಂಕ್ ಖಾತೆ, ಸಿಮ್, ರೈಲು ಟಿಕೆಟ್ ಎಲ್ಲವೂ ಪಾಸ್‌ಪೋರ್ಟಿನ ಹೆಸರಿನಲ್ಲೇ ನಡೆಯುವುದರಿಂದ ಈ ಶ್ರಮ ಅಲ್ಲಿಯೂ ಫಲ ಕೊಡುತ್ತದೆ. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಬೇರೆಯಿದ್ದರೆ, ಎರಡೂ ಒಬ್ಬರದೇ ಎಂದು ಇಂಗ್ಲಿಷಿನಲ್ಲಿ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು, ವೀಸಾ ಪುಟಗಳು ಖಾಲಿ ಇರಬೇಕು ಎಂಬುದು ನಿಯಮ. ಒಂದು ವರ್ಷ ಓದುವವರಿಗೆ ಆರು ತಿಂಗಳು ಸಾಲದು. ವಾಸದ ಪರವಾನಗಿಯನ್ನು ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ಎರಡು ವರ್ಷ ಉಳಿದಿರುವ ಪಾಸ್‌ಪೋರ್ಟ್ ಹಿಡಿದೇ ಹೊರಡಿ.

ಪ್ರವೇಶಪತ್ರ ಮತ್ತು ಜೆಡಬ್ಲ್ಯೂ ಫಾರಂ

ವಿಶ್ವವಿದ್ಯಾಲಯ ನಿಮಗೆ ಎರಡು ಕಾಗದ ಕೊಡುತ್ತದೆ. ಒಂದು ಪ್ರವೇಶಪತ್ರ. ಇನ್ನೊಂದು ಚೀನಾದಲ್ಲಿ ಓದಲು ವೀಸಾ ಕೋರುವ ಅಧಿಕೃತ ಫಾರಂ: ಚೀನಾ ಸರ್ಕಾರದ ವಿದ್ಯಾರ್ಥಿವೇತನ ಪಡೆದವರಿಗೆ ಜೆಡಬ್ಲ್ಯೂ201, ಸ್ವಂತ ಖರ್ಚಿನವರಿಗೆ ಜೆಡಬ್ಲ್ಯೂ202. ಎಕ್ಸ್1ಗೆ ಎರಡೂ ಬೇಕು, ಎಕ್ಸ್2ಗೆ ಸಾಮಾನ್ಯವಾಗಿ ಪ್ರವೇಶಪತ್ರವೊಂದೇ ಸಾಕು. ಸೆಪ್ಟೆಂಬರಿನ ತರಗತಿಗೆ ಈ ಕಾಗದಗಳು ಕೈಸೇರುವುದು ಜೂನ್, ಜುಲೈ ಹೊತ್ತಿಗೆ. ಫೆಬ್ರುವರಿ ಕೊನೆಗೋ ಮಾರ್ಚಿಗೋ ಶುರುವಾಗುವ ವಸಂತದ ಸೆಮಿಸ್ಟರಿಗೆ ಡಿಸೆಂಬರ್, ಜನವರಿ.

ಬಂದ ದಿನವೇ ಕೂತು ಪರಿಶೀಲಿಸಿ. ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಕೋರ್ಸಿನ ಆರಂಭ ಮತ್ತು ಮುಕ್ತಾಯದ ದಿನ, ನೋಂದಣಿಯ ಗಡುವು: ಇವು ಎರಡು ಕಾಗದಗಳಲ್ಲೂ ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದವರ ಫಾರಂನಲ್ಲಿ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಪೆನ್ನಿನಲ್ಲಿ ತಿದ್ದಿದರೆ ಫಾರಂ ಕೆಟ್ಟಂತೆಯೇ, ಕಾಲೇಜಿನಿಂದ ಹೊಸದು ತರಿಸಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುವುದರಿಂದಲೇ ಬಂದ ದಿನ ನೋಡಿ ಎಂದದ್ದು.

ಮೂಲ ಪ್ರತಿ ಸಿಕ್ಕಿದ್ದರೆ ಅದನ್ನು ವೀಸಾ ಕೇಂದ್ರದಲ್ಲಿ ತೋರಿಸಿ, ಜೆರಾಕ್ಸ್ ಕೊಟ್ಟು, ಪಾಸ್‌ಪೋರ್ಟ್ ವಾಪಸ್ ಪಡೆಯುವಾಗ ಮೂಲವನ್ನೂ ಕೇಳಿ ಪಡೆಯಿರಿ. ಚೀನಾದಲ್ಲಿ ನೋಂದಣಿಗೂ ಪರವಾನಗಿಗೂ ಅದೇ ಬೇಕು. ಲಗೇಜಿನಲ್ಲಿ ಹಾಕದೆ ಕೈಚೀಲದಲ್ಲೇ ಇರಲಿ, ವಲಸೆ ಕೌಂಟರಿನಲ್ಲಿ ಕೇಳುವುದುಂಟು.

ವಿದ್ಯಾರ್ಥಿವೇತನದ ಬಗ್ಗೆ ಇಷ್ಟು: ಚೀನಾ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪದವಿ ಕೋರ್ಸಿಗೆ ಸೇರದ ಸಾಮಾನ್ಯ ಅಭ್ಯಾಸಿಗಳಿಗೆ ತಿಂಗಳಿಗೆ 3,000 ಯುವಾನ್ ಸಿಗುತ್ತದೆ. ಚೀನೀ ಭಾಷಾ ಶಿಕ್ಷಕರಿಗೆಂದು ಇರುವ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನದಲ್ಲಿ ಭಾಷಾ ವಿದ್ಯಾರ್ಥಿಗಳಿಗೂ ಒಂದು ವರ್ಗವಿದ್ದು, ಅದಕ್ಕೆ ಚೀನೀ ಭಾಷಾ ಸಾಮರ್ಥ್ಯ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಅಂಕಪಟ್ಟಿ ಬೇಕು. ಎಚ್‌ಎಸ್‌ಕೆ ಅಂಕಗಳು ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ.

ವೈದ್ಯಕೀಯ ಫಾರಂ

ವಿದೇಶಿಯರ ದೈಹಿಕ ತಪಾಸಣಾ ಫಾರಂ ಎಂಬ ಎರಡು ಪುಟದ ಕಾಗದವನ್ನು ವಿಶ್ವವಿದ್ಯಾಲಯ ಕಳಿಸುತ್ತದೆ, ಇಲ್ಲವೇ ಅದರ ಜಾಲತಾಣದಲ್ಲಿರುತ್ತದೆ. ಆಸ್ಪತ್ರೆಯ ಸ್ವಂತ ಲೆಟರ್‌ಹೆಡ್ಡಿನ ‘ಫಿಟ್‌ನೆಸ್ ಸರ್ಟಿಫಿಕೇಟ್’ ನಡೆಯುವುದಿಲ್ಲ. ಎತ್ತರ, ತೂಕ, ರಕ್ತದೊತ್ತಡ, ದೃಷ್ಟಿಯಿಂದ ಹಿಡಿದು ಎದೆಯ ಎಕ್ಸ್‌ರೇ, ಇಸಿಜಿ, ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆಯವರೆಗೆ ಎಲ್ಲ ಅದರಲ್ಲಿದೆ. ಎಲ್ಲವೂ ಒಂದೇ ಕಡೆ ಆಗುವ ಜಿಲ್ಲಾ ಆಸ್ಪತ್ರೆ ಅಥವಾ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇ ಒಂದು ಕಡೆ, ರಕ್ತ ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿದರೆ ಕೊನೆಗೆ ಸಹಿ ಹಾಕಲು ಯಾವ ವೈದ್ಯರೂ ಒಪ್ಪುವುದಿಲ್ಲ.

ಈ ಫಾರಂ ತಿರಸ್ಕಾರವಾಗುವುದು ರೋಗದಿಂದಲ್ಲ, ಸೀಲಿನಿಂದ. ಫೋಟೋವನ್ನು ಅಂಟಿಸಿ, ಆಸ್ಪತ್ರೆಯ ಸೀಲು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಒತ್ತಿಸಬೇಕು. ಕೊನೆಯಲ್ಲಿ ವೈದ್ಯರ ಸಹಿ, ದಿನಾಂಕ, ಆಸ್ಪತ್ರೆಯ ಸೀಲು ಮತ್ತೊಮ್ಮೆ. ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯ ರಬ್ಬರ್ ಸ್ಟ್ಯಾಂಪ್ ಆಸ್ಪತ್ರೆಯ ಸೀಲಿಗೆ ಬದಲಿಯಾಗುವುದಿಲ್ಲ. ಕಾಲರಾ, ಪ್ಲೇಗ್, ಕುಷ್ಠ, ಕ್ಷಯ ಮುಂತಾದ ರೋಗಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ಹೌದು ಅಥವಾ ಇಲ್ಲ ಎಂದು ಗುರುತು ಬೇಕು. ನಮ್ಮ ವೈದ್ಯರು ಅವಸರದಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆದುಬಿಡುತ್ತಾರೆ. ಹಾಗೆ ಮಾಡದಂತೆ ವಿನಯದಿಂದ ಕೇಳಿಕೊಳ್ಳಿ. ಹಿಂದೆ ಕ್ಷಯ ಬಂದು ಗುಣವಾದವರ ಎಕ್ಸ್‌ರೇಯಲ್ಲಿ ಕಲೆ ಉಳಿದಿರಬಹುದು. ಅಂಥವರು ಚಿಕಿತ್ಸೆ ಪೂರ್ತಿಯಾದ ದಾಖಲೆಯನ್ನೂ, ಈಗ ರೋಗ ಸಕ್ರಿಯವಾಗಿಲ್ಲ ಎಂಬ ತಜ್ಞರ ಪತ್ರವನ್ನೂ ಜೊತೆಗಿಟ್ಟುಕೊಳ್ಳಬೇಕು.

ಫಾರಂನ ಬಾಳಿಕೆ ಆರು ತಿಂಗಳು. ವಿದ್ಯಾರ್ಥಿವೇತನದ ಅರ್ಜಿಗೆಂದು ಜನವರಿ, ಫೆಬ್ರುವರಿಯಲ್ಲಿ ಮಾಡಿಸಿದ್ದು ಸೆಪ್ಟೆಂಬರಿಗೆ ಸತ್ತಿರುತ್ತದೆ. ಹೊರಡುವ ಮುನ್ನ ಜುಲೈ ಕೊನೆಗೆ ಇನ್ನೊಮ್ಮೆ ಮಾಡಿಸಿ, ಮೂಲ ಫಾರಂ, ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಫಿಲ್ಮು ಮೂರನ್ನೂ ಒಯ್ಯಿರಿ. ಅಲ್ಲಿನ ಅಂತರರಾಷ್ಟ್ರೀಯ ಪ್ರಯಾಣ ಆರೋಗ್ಯ ಕೇಂದ್ರದವರು ಇವನ್ನು ಪರಿಶೀಲಿಸಿ ದೃಢೀಕರಿಸುತ್ತಾರೆ. ಕೊರತೆ ಕಂಡರೆ ಅಲ್ಲೇ ದುಡ್ಡು ಕೊಟ್ಟು ಪೂರ್ತಿ ತಪಾಸಣೆ ಮಾಡಿಸಬೇಕು, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಿ.

ಅಪೊಸ್ಟಿಲ್ ಬೇಡ, ಅಟೆಸ್ಟೇಶನ್ ಕೇಳಿದರೆ ಮಾತ್ರ

ಇಲ್ಲಿ ಹಣ ಕಳೆದುಕೊಳ್ಳುವವರು ಬಹಳ. ಭಾಷಾ ಕೋರ್ಸಿಗೆ ಹೆಚ್ಚಿನ ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ನೋಟರಿ ಪ್ರತಿಯನ್ನೇ ಒಪ್ಪುತ್ತವೆ. ಪ್ರವೇಶ ವಿಭಾಗ ಬರಹದಲ್ಲಿ ಕೇಳುವವರೆಗೆ ಯಾವ ಅಟೆಸ್ಟೇಶನ್ನಿಗೂ, ಅಂದರೆ ಕಾಗದ ಅಸಲಿಯೆಂದು ಹಾಕುವ ಅಧಿಕೃತ ಮುದ್ರೆಗೂ, ದುಡ್ಡು ಕೊಡಬೇಡಿ. ಕೇಳಿದರೆ, ಅಪೊಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಒಪ್ಪುವ ಒಂದೇ ದೃಢೀಕರಣ ಮುದ್ರೆ) ಮಾಡಿಸಬೇಡಿ. ಚೀನಾ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2023ರ ನವೆಂಬರ್ 7ರಿಂದ ಜಾರಿಗೆ ಬಂದದ್ದು ನಿಜ. ಆದರೆ ಆ ಸೇರ್ಪಡೆಗೆ ಭಾರತ ಆಕ್ಷೇಪ ಸಲ್ಲಿಸಿದ್ದರಿಂದ ಎರಡು ದೇಶಗಳ ನಡುವೆ ಅದು ಅನ್ವಯವಾಗುವುದಿಲ್ಲ. ಹಾಗಾಗಿ ನಮ್ಮ ಕಾಗದಗಳಿಗೆ ಹಳೆಯ ದಾರಿಯೇ: ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಸಾಮಾನ್ಯ ಅಟೆಸ್ಟೇಶನ್, ಕೊನೆಗೆ ಚೀನಾದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಮುದ್ರೆ. ‘ಚೀನಾವೂ ಈಗ ಅಪೊಸ್ಟಿಲ್ ದೇಶ’ ಎನ್ನುವ ಏಜೆಂಟರ ಮಾತನ್ನು ನಂಬಿ ಮಾಡಿಸಿದರೆ ಮತ್ತೆ ಮೊದಲಿನಿಂದ ಸುತ್ತಬೇಕು.

ಅಪರಾಧ ಹಿನ್ನೆಲೆಯಿಲ್ಲ ಎಂಬ ಪತ್ರ ಕೇಳಿದರೆ, ವಿದೇಶದ ಬಳಕೆಗೆ ಪಾಸ್‌ಪೋರ್ಟ್ ಸೇವಾ ಮೂಲಕ 500 ರೂಪಾಯಿ ಶುಲ್ಕಕ್ಕೆ ಸಿಗುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೇ ಮಾಡಿಸಿ. ಠಾಣೆಯಲ್ಲಿ ಕೆಲಸಕ್ಕೆಂದು ಕೊಡುವ ಪತ್ರ ಬೇರೆ. ನಮ್ಮಲ್ಲಿ ಚೀನಾದ ಏಜೆಂಟರೆಂದರೆ ಬಹುಪಾಲು ಎಂಬಿಬಿಎಸ್‌ಗೆ ಕಳಿಸುವವರು. ಮೂಲ ಅಂಕಪಟ್ಟಿಗಳನ್ನು ಅವರ ಕಚೇರಿಯಲ್ಲಿ ಬಿಡಬೇಡಿ. ಭಾಷಾ ಕೋರ್ಸಿನ ಅರ್ಜಿ ಮಧ್ಯವರ್ತಿಯಿಲ್ಲದೆ ನೀವೇ ಹಾಕುವಷ್ಟು ಸರಳ.

ಫೋಟೋ, ಅರ್ಜಿ, ಕೇಂದ್ರ

ಕರ್ನಾಟಕ ಬರುವುದು ಮುಂಬಯಿಯಲ್ಲಿರುವ ಚೀನಾ ಕಾನ್ಸುಲೇಟ್ ಜನರಲ್ ವ್ಯಾಪ್ತಿಗೆ. ಆದ್ದರಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರೆಲ್ಲ ಮುಂಬಯಿಯ ವೀಸಾ ಅರ್ಜಿ ಕೇಂದ್ರದ ದಾರಿ ಹಿಡಿಯಬೇಕು. ಅರ್ಜಿಯನ್ನು ಆನ್‌ಲೈನಿನಲ್ಲೇ ತುಂಬಬೇಕು. ಯಾವ ಕಾಲಮನ್ನೂ ಖಾಲಿ ಬಿಡಬೇಡಿ, ಅನ್ವಯಿಸದಿದ್ದರೆ ಹಾಗೆಂದೇ ಗುರುತು ಮಾಡಿ. ಓದು ಮುಗಿದು ಕೆಲಸವಿಲ್ಲದೆ ಇದ್ದ ಅವಧಿ ಇದ್ದರೆ ಅದನ್ನೂ ನೇರವಾಗಿ ಬರೆಯಿರಿ. ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದ್ದರೆ ಮುಚ್ಚಿಡಬೇಡಿ. ನಿರಾಕರಣೆಗಿಂತ ಮುಚ್ಚಿಟ್ಟದ್ದು ಹೆಚ್ಚು ಕೆಡುಕು ಮಾಡುತ್ತದೆ. ಆಹ್ವಾನಿಸಿದವರ ಜಾಗದಲ್ಲಿ ವಿಶ್ವವಿದ್ಯಾಲಯದ ಹೆಸರು, ವಿಳಾಸ, ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ದೂರವಾಣಿ ಇರಲಿ.

ಫೋಟೋ 33 ಮಿ.ಮೀ. ಅಗಲ, 48 ಮಿ.ಮೀ. ಎತ್ತರ, ಹಿನ್ನೆಲೆ ಅಚ್ಚ ಬಿಳಿ. ನಮ್ಮ ಸ್ಟುಡಿಯೋಗಳಲ್ಲಿ ಪಾಸ್‌ಪೋರ್ಟ್ ಸೈಜು ಎಂದರೆ 35ಕ್ಕೆ 45 ತೆಗೆದುಕೊಡುತ್ತಾರೆ, ಅದನ್ನು ಕತ್ತರಿಸಿ ಹೊಂದಿಸಲು ಬರುವುದಿಲ್ಲ. ತಲೆಯ ಅಗಲ 15ರಿಂದ 22, ಎತ್ತರ 28ರಿಂದ 33 ಮಿ.ಮೀ. ಒಳಗಿರಬೇಕು. ಅಪ್‌ಲೋಡ್ ಮಾಡುವ ಚಿತ್ರದ ಅಗಲ 354ರಿಂದ 420, ಎತ್ತರ 472ರಿಂದ 560 ಪಿಕ್ಸೆಲ್, ಕಡತದ ತೂಕ 40ರಿಂದ 120 ಕೆಬಿ. ಈ ಅಳತೆಗಳನ್ನು ಚೀಟಿಯಲ್ಲಿ ಬರೆದು ಸ್ಟುಡಿಯೋದವರಿಗೆ ಕೊಡಿ. ಬಿಳಿ ಅಂಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಗಾಢ ಬಣ್ಣದ್ದು ಹಾಕಿಕೊಳ್ಳಿ. ಹುಬ್ಬು ಮತ್ತು ಕಿವಿ ಕಾಣಬೇಕು. ಮುಖ ಬೆಳ್ಳಗೆ ಮಾಡುವ ಟಚಪ್ ಬೇಡವೇ ಬೇಡ.

ಬಹಳ ಮುಂಚೆ ಹಾಕಿದರೂ ತೊಂದರೆ. ವೀಸಾ ಕೊಟ್ಟ ದಿನದಿಂದ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಚೀನಾ ಪ್ರವೇಶಿಸಬೇಕು. ಸೆಪ್ಟೆಂಬರ್ ಮೊದಲ ವಾರ ನೋಂದಣಿ ಇದ್ದರೆ ಜುಲೈ ಕೊನೆಯ ವಾರ ಅರ್ಜಿ ಹಾಕುವುದು ಹದ. ವಾಪಸ್ ಹಣ ಬಾರದ ಟಿಕೆಟನ್ನು ವೀಸಾ ಕೈಗೆ ಬರುವ ಮೊದಲು ಕೊಳ್ಳಬೇಡಿ. ಹೊರಡುವ ಮುನ್ನ ಚೀನಾದ ಆಗಮನ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಿಕೊಳ್ಳಬಹುದು. 2025ರ ನವೆಂಬರ್ 20ರಿಂದ ಈ ಅನುಕೂಲವಿದೆ.

ಇಳಿದ ಮೇಲಿನ 30 ದಿನ

ಮೊದಲ 24 ಗಂಟೆಯೊಳಗೆ ನೀವು ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಪೊಲೀಸರಲ್ಲಿ ದಾಖಲಾಗಬೇಕು. ಹೋಟೆಲಿನಲ್ಲಾದರೆ ಅವರೇ ಮಾಡುತ್ತಾರೆ, ಹಾಸ್ಟೆಲಿನಲ್ಲಿ ಸಾಮಾನ್ಯವಾಗಿ ಹಾಸ್ಟೆಲ್ ಕಚೇರಿ ನೋಡಿಕೊಳ್ಳುತ್ತದೆ. ಬಾಡಿಗೆ ಮನೆಯಾದರೆ ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿ ಮತ್ತು ಮನೆಯ ದಾಖಲೆಯ ಪ್ರತಿ ಹಿಡಿದು ನೀವೇ ಠಾಣೆಗೆ ಹೋಗಬೇಕು. ದಾಖಲಾದ ಮೇಲೆ ಸಿಗುವ ತಾತ್ಕಾಲಿಕ ವಾಸದ ನೋಂದಣಿ ಚೀಟಿ ಮುಂದಿನ ಹೆಜ್ಜೆಗೆ ಬೇಕೇ ಬೇಕು. ತಪ್ಪಿದರೆ ಎಚ್ಚರಿಕೆ ಕೊಡುತ್ತಾರೆ, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಮನೆ ಬದಲಿಸಿದಾಗಲೆಲ್ಲ ಹೊಸ ನೋಂದಣಿ.

ಎಕ್ಸ್1ನಲ್ಲಿ ಬಂದವರು 30 ದಿನಗಳೊಳಗೆ ಸ್ಥಳೀಯ ಸಾರ್ವಜನಿಕ ಭದ್ರತಾ (ಪೊಲೀಸ್) ಇಲಾಖೆಯ ನಿರ್ಗಮನ ಮತ್ತು ಪ್ರವೇಶ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಕೊಡಬೇಕು. ಪಾಸ್‌ಪೋರ್ಟ್, ಪ್ರವೇಶಪತ್ರ, ಜೆಡಬ್ಲ್ಯೂ ಫಾರಂ, ನೋಂದಣಿ ಚೀಟಿ, ವಿಶ್ವವಿದ್ಯಾಲಯದ ಪತ್ರ, ಫೋಟೋ, ಜೊತೆಗೆ ಒಂದು ವರ್ಷದ ಅಥವಾ ಅದಕ್ಕೂ ಹೆಚ್ಚಿನ ಪರವಾನಗಿಯಾದರೆ ಆರೋಗ್ಯ ದೃಢೀಕರಣ. ವಿಶ್ವವಿದ್ಯಾಲಯಕ್ಕೆ ಶುಲ್ಕ ಮತ್ತು ವಿಮೆ ಕಟ್ಟದಿದ್ದರೆ ಆ ಪತ್ರ ಸಿಗುವುದಿಲ್ಲ. ವಿದೇಶಿ ವಿದ್ಯಾರ್ಥಿಗಳ ವಿಮೆ ಸಾಮಾನ್ಯವಾಗಿ ವರ್ಷಕ್ಕೆ 800 ಯುವಾನ್. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪರವಾನಗಿಗೆ ಶುಲ್ಕ 400 ಯುವಾನ್. ತೀರ್ಮಾನಕ್ಕೆ 15 ದಿನದವರೆಗೆ ಹಿಡಿಯಬಹುದು, ಅಷ್ಟು ದಿನ ಪಾಸ್‌ಪೋರ್ಟ್ ಅವರ ಬಳಿ. ಕೊಟ್ಟ ರಸೀದಿಯೇ ನಿಮ್ಮ ಗುರುತು. ಹೊಸ ವಿದ್ಯಾರ್ಥಿಗಳು ಒಮ್ಮೆಲೇ ಮುಗಿಬೀಳುವ ಸೆಪ್ಟೆಂಬರಿನಲ್ಲಿ ಮೂರನೇ ವಾರದವರೆಗೆ ಕಾಯದೆ ಎರಡನೇ ವಾರದಲ್ಲೇ ಅರ್ಜಿ ಕೊಡಿ.

ಪರವಾನಗಿ ಬರುವವರೆಗೆ ಹಾಂಗ್‌ಕಾಂಗಿಗೆ ಹೋಗಬೇಡಿ. ಅಲ್ಲಿಗೆ ಹೋದರೂ ಮುಖ್ಯಭೂಮಿಯಿಂದ ಹೊರಹೋದ ಲೆಕ್ಕವೇ. ಒಂದೇ ಪ್ರವೇಶದ ಎಕ್ಸ್1 ಅಲ್ಲಿಗೆ ಮುಗಿಯುತ್ತದೆ, ಮತ್ತೆ ಒಳಬರಲು ಹೊಸ ವೀಸಾ ಬೇಕು. ಪರವಾನಗಿ ಬಂದ ಮೇಲೆ ಅದರ ಅವಧಿಯೊಳಗೆ ಎಷ್ಟು ಸಲವಾದರೂ ಹೋಗಿಬರಬಹುದು. ಆದರೆ ಹಾಂಗ್‌ಕಾಂಗಿಗೆ ಭಾರತೀಯರು ಮುಂಗಡ ಆನ್‌ಲೈನ್ ನೋಂದಣಿ ಮಾಡಿಸಿಕೊಂಡೇ ಹೋಗಬೇಕು.

ಕೆಲಸ, ನವೀಕರಣ, ಕಾಲೇಜು ಬದಲಾವಣೆ

ವಿದ್ಯಾರ್ಥಿ ಪರವಾನಗಿಯಲ್ಲಿ ದುಡಿಯುವಂತಿಲ್ಲ. ಇಂಗ್ಲಿಷ್ ಟ್ಯೂಷನ್ ಹೇಳಿಕೊಡಿ ಎಂದು ಕೇಳುವವರು ಮೊದಲ ತಿಂಗಳಲ್ಲೇ ಸಿಗುತ್ತಾರೆ. ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು, ಪರವಾನಗಿಯಲ್ಲಿ ಹೊರಗಿನ ಕೆಲಸದ ಟಿಪ್ಪಣಿ ಹಾಕಿಸಿಕೊಳ್ಳದೆ ಮಾಡಿದರೆ ಅದು ಅಕ್ರಮ ಉದ್ಯೋಗ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಯುವಾನ್, ಗರಿಷ್ಠ 10,000 ಯುವಾನ್ ದಂಡ, ಇಲ್ಲವೇ 5ರಿಂದ 15 ದಿನ ಬಂಧನ.

ಇನ್ನೊಂದು ವರ್ಷ ಮುಂದುವರಿಸುವವರು ಪರವಾನಗಿ ಮುಗಿಯಲು 30 ದಿನ ಇರುವಾಗಲೇ ವಿಸ್ತರಣೆಗೆ ಅರ್ಜಿ ಕೊಡಬೇಕು. ಅದಕ್ಕೆ ಬೇಕಾದ ಪತ್ರವನ್ನು ಕೊಡುವ ಮುನ್ನ ವಿಶ್ವವಿದ್ಯಾಲಯ ನಿಮ್ಮ ಹಾಜರಾತಿ ನೋಡುತ್ತದೆ. ತರಗತಿ ತಪ್ಪಿಸಿ ಊರು ಸುತ್ತಿದವರಿಗೆ ಪತ್ರ ಸಿಗದೆ ವಾಪಸ್ ಬರಬೇಕಾದೀತು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಈಗಿನ ಕಾಲೇಜಿನಿಂದ ವರ್ಗಾವಣೆ ಪತ್ರ, ಹಾಜರಾತಿ ಮತ್ತು ಅಂಕಗಳ ಪಟ್ಟಿಯನ್ನು ರಜೆ ಶುರುವಾಗುವ ಮುಂಚೆ ತೆಗೆದುಕೊಳ್ಳಿ. ಜುಲೈ, ಆಗಸ್ಟಿನಲ್ಲಿ ಕಚೇರಿಗಳು ಅರೆಬರೆ ತೆರೆದಿರುತ್ತವೆ, ಸೀಲು ಹಾಕುವವರು ಸಿಗುವುದಿಲ್ಲ. ಹಳೆಯ ಪರವಾನಗಿ ಚಾಲ್ತಿಯಲ್ಲಿರುವಾಗಲೇ ಹೊಸ ಕಾಲೇಜಿನ ಜೆಡಬ್ಲ್ಯೂ ಫಾರಂ ಕೈಸೇರಿದ್ದರೆ ಊರಿಗೆ ಮರಳದೆಯೇ ಅಲ್ಲಿ ಬದಲಾವಣೆಗೆ ಅರ್ಜಿ ಕೊಡಬಹುದು. ಪರವಾನಗಿಯಲ್ಲಿ ನಮೂದಾದ ವಿವರ ಬದಲಾದ ದಿನದಿಂದ ಹತ್ತು ದಿನಗಳೊಳಗೆ ಅದನ್ನು ಕಚೇರಿಗೆ ತಿಳಿಸಬೇಕು.